ಬಾಚಿ, ಹದಿನಾಲ್ಕು ಅಂಕ

ಯುಗಾದಿಗೆ ಸುಣ್ಣ ಹೊಡೆಸಿದ ವಾರ
ಝಡ್ ಕಳೆದುಹೋಯಿತು.
ಮಂಚ ಸರಿಸಿದೆವು, ಜಮಖಾನ ಕೊಡವಿದೆವು,
ಮೋರಿಗೆ ಕಡ್ಡಿ ಹಾಕಿ ಕೆದಕಿದೆವು.
ತೊಂಬತ್ತೊಂಬತ್ತು ಬಿಲ್ಲೆ ಇವೆ, ನೂರನೆಯದಿಲ್ಲ.

ಗುರುವಾರ ಸಂಜೆ ತಿಲಕ್‌ನಗರದ ನಮ್ಮ ಜಗಲಿಗೆ
ಫಿಲೋಮಿನಾ ಟೀಚರ್ ಬರುತ್ತಾರೆ, ಕೊಡೆ ಮೂಲೆಗಿಟ್ಟು;
ಚೆಲುವರಾಜೇ ಅರಸ್ ಬರುತ್ತಾರೆ, ಹಲ್ಲುಸೆಟ್ಟು ಜೇಬಿನಲ್ಲಿಟ್ಟು.
ಆಡುವುದು ಇಂಗ್ಲಿಷ್, ಜಗಳ ಕನ್ನಡದಲ್ಲಿ.

'ಆ' ಎಂದರೆ ಹವಾಯಿಯ ಒರಟು ಲಾವಾ, ಎರಡು ಅಂಕ;
ನಮಗೋ ಅದು ಹಲ್ಲಿನ ಡಾಕ್ಟರ ಮುಂದೆ ಆಡುವ ಮಾತು.
'ಓಯಿ' ಎಂದರೆ ಫ್ಯಾರೋ ದ್ವೀಪದ ಸುಂಟರಗಾಳಿ;
ಅರಸರು ಅದನ್ನು ಕೂಗಿ ಇಟ್ಟಾಗಲೆಲ್ಲ
ಬೀದಿಯ ಸೊಪ್ಪಿನವಳು ಬುಟ್ಟಿ ಇಳಿಸುತ್ತಾಳೆ.
'ಕೂಮ್', ಬೋಗುಣಿಯಂಥ ಕಣಿವೆ, ವೇಲ್ಸ್ ಕಡೆಯದು.
ಸಿ, ಡಬ್ಲ್ಯು, ಎಂ. ಅಷ್ಟೇ.
ಸ್ವರವೇ ಇಲ್ಲದೆ ನಿಂತ ಮಾತನ್ನು ಮೊದಲ ಸಲ ಕಂಡಾಗ
ಬೆತ್ತಲೆ ಯಾರನ್ನೋ ಕಂಡಂತೆ ನಾಚಿದ್ದೆ,
ಕಾಗುಣಿತ ತಿದ್ದಿ ಬೆಳೆದವಳು.

ಅರ್ಥ? ಅರ್ಥ ಯಾರಿಗೆ ಬೇಕಿತ್ತು.
ಮೂವತ್ತೊಂದು ವರ್ಷ ಪಠ್ಯಪುಸ್ತಕದ ಪ್ರೆಸ್ಸಿನಲ್ಲಿ
ಕರಡು ತಿದ್ದಿದವಳು ನಾನು.
ಅರ್ಥದ ಬೆನ್ನು ಹತ್ತಿದರೆ ತಪ್ಪು ನುಸುಳಿಕೊಳ್ಳುತ್ತದೆ,
ಅಲ್ಲಿ ಕಲಿತದ್ದು ಅದೊಂದೇ.
ಕದನವನ್ನೂ ಕವನವನ್ನೂ ಒಂದೇ ಕಣ್ಣಲ್ಲಿ ನೋಡಿದೆ:
ದ ಸರಿ, ವ ಸರಿ, ಮುಂದೆ.

ಹೊಸ ಝಡ್ ಮಾಡಿಸಲು ಮಂಡಿ ಮೊಹಲ್ಲಕ್ಕೆ ಹೋದೆ.
ಕೆಂಪಾಚಾರರ ಅಂಗಡಿ. ಬೀಟೆಮರದ ಹುಡಿ,
ಹಲಗೆಯಲ್ಲಿ ಅರ್ಧ ಆದ ಆನೆ, ಕಿವಿ ಇನ್ನೂ ಕೂರಿಸಿಲ್ಲ.
ಹಳೆಯ ಬಿಲ್ಲೆಯೊಂದನ್ನು ಅಂಗೈಲಿಟ್ಟು ತೂಗಿದರು.
"ಅಕ್ಷರ ಬರೆದು ತೋರ್ಸಿ."
ಬರೆದೆ.
"ಮುರಿದ ಮೆಟ್ಟಿಲ ಥರ ಇದೆಯಲ್ಲ ತಾಯಿ. ಎಷ್ಟು ಇದಕ್ಕೆ?"
"ಹತ್ತು."
"ಹತ್ತು ರೂಪಾಯಿಗೆ ಮರ ಬರಲ್ಲ..."
"ರೂಪಾಯಿ ಅಲ್ಲ, ಅಂಕ."
ನಕ್ಕರು. "ಇದು ಬರೋ ಮಾತೊಂದು ಹೇಳಿ ಮತ್ತೆ,
ಸುಮ್ಮನೆ ಕೆತ್ತೋಕೆ ಕೈ ಏಳಲ್ಲ."

ನಾಲಗೆ ತುದಿಯಲ್ಲಿದ್ದದ್ದು ಅದೇ:
"ಆಡ್ಜ್. ಹದಿನಾಲ್ಕು."
"ಹಂಗಂದ್ರೆ?"
ಎಷ್ಟೋ ಗುರುವಾರ ಇಟ್ಟಿದ್ದೇನೆ ಆ ಮಾತನ್ನು,
ಒಮ್ಮೆ ಮೂರುಪಟ್ಟಿನ ಕೆಂಪು ಮನೆಗೂ ಕೂರಿಸಿ ಗೆದ್ದಿದ್ದೇನೆ.
"ಅದೇನೋ, ಮರ ಕೆತ್ತೋದು. ಕೊಡಲಿ ಥರ, ಬಾಯಿ ಅಡ್ಡ."
ಆಚಾರರು ಏನೂ ಅನ್ನದೆ ಎದ್ದು
ಗೋಡೆಯ ಮೊಳೆಯಿಂದ ಇಳಿಸಿ ನನ್ನ ಕೈಗಿತ್ತರು.
ಬಾಚಿ.
ಅವರಪ್ಪನದು, ಬನ್ನೂರಿನಲ್ಲಿ ಗಾಡಿ ಮಾಡುತ್ತಿದ್ದ ಕಾಲದ್ದು.
ಕಾವಿನಲ್ಲಿ ಹೆಬ್ಬೆರಳಿನ ಹಳ್ಳ,
ನನ್ನ ಹೆಬ್ಬೆರಳಿಗೆ ಒಂದು ಸುತ್ತು ದೊಡ್ಡದು.
ಇಷ್ಟು ಭಾರವೆಂದು ನಿಘಂಟು ಹೇಳಿರಲಿಲ್ಲ.
"ಕಾಲು ಜೋಪಾನ," ಅಂದರು,
"ಬಾಚಿ ಬೀಳೋದು ಹಿಡಿದೋರ ಕಡೆಗೇ."

"ನಮ್ಮ ಮಾತು ಏನಾದ್ರೂ ಇದೆಯಾ ಆ ಆಟದಲ್ಲಿ?"
"ರಾಗಿ ಇದೆ. ಐದು."
"ಐದೇ?"
"ಘೀ ಅಂತ ಇಟ್ಟರೆ ತುಪ್ಪಕ್ಕೆ ಎಂಟು."
"ತುಪ್ಪ ಯಾವತ್ತೂ ದುಬಾರಿ, ಬಿಡಿ.
ಆದ್ರೆ ರಾಗಿಗೆ ಐದು ಅಂದೋನು ಮುದ್ದೆ ಉಂಡೋನಲ್ಲ."
ಕಾಸು ತಗೊಳ್ಳಲಿಲ್ಲ.

ಬೀಟೆಯ ಕಪ್ಪಿಗೆ ಹಲಸಿನ ಹಳದಿ ಗೆರೆ.
ಚೆಂದವೇ ತೊಂದರೆ: ಚೀಲಕ್ಕೆ ಕೈ ಹಾಕಿದರೆ
ಬೆರಳಿಗೆ ಗೊತ್ತಾಗಿಬಿಡುತ್ತದೆ, ಉಳಿದವಕ್ಕಿಂತ ನುಣುಪು, ತುಸು ತಂಪು.
"ಇದು ಮೋಸ," ಎಂದರು ಟೀಚರ್.
ಅಂದಿನಿಂದ ಸಾರಿನ ಸೌಟಿನಲ್ಲಿ ತೆಗೆಯುತ್ತೇವೆ,
ಕಣ್ಣು ಮುಚ್ಚಿ, ತಳ ಕಲಕಿ.

ಮೊನ್ನೆ ಸೌಟಿಗೆ ಬಂತು, ನನ್ನದೇ ಸರದಿ.
ಎ ಇತ್ತು, ಡಿ ಇತ್ತು,
ಇ ಹಲಗೆಯ ಅಂಚಿನಲ್ಲಿ ಕಾಯುತ್ತಿತ್ತು.
"ಏನು ವನಮಾಲಾ, ಕತ್ತಲಾಯ್ತು," ಎಂದರು ಅರಸ್.
ಇಡುವ ಮೊದಲು, ಯಾಕೋ,
ಕುರ್ಚಿಯ ಕೆಳಗೆ
ಕಾಲು ಹಿಂದಕ್ಕೆ ಎಳೆದುಕೊಂಡೆ.