ಕೆಂಪು ಮಸಿಯ ಲೆಕ್ಕ

ನೆರೆಯ ಕಾಲ, ಎರಡನೇ ತಿಂಗಳು, ಹದಿನೇಳನೇ ದಿನ.
ಪಪೈರಸ್ ದುಬಾರಿ. ನಾನು ಬರೆಯುವುದು
ಸುಣ್ಣಕಲ್ಲಿನ ಚಕ್ಕೆಯ ಮೇಲೆ,
ಗೋರಿ ತೋಡುವಾಗ ಇವರೇ ಕಡಿದು ಬಿಸಾಡಿದ್ದು.
ಹೆಸರು ಕಪ್ಪಿನಲ್ಲಿ, ಬಾರದ ಕಾರಣ ಕೆಂಪಿನಲ್ಲಿ.

ಹೆಹ್ನೆಖು: ಚೇಳು ಕಚ್ಚಿದೆ.
ಕಾಸಾ: ಹೆಂಡ ಬಸಿಯುತ್ತಿದ್ದಾನೆ.
(ಮೊನ್ನೆಯೂ ಬಸಿಯುತ್ತಿದ್ದ. ಯಾರು ಕುಡಿಯುತ್ತಾರೋ ಅಷ್ಟನ್ನು.)
ಪೆನ್ನುಬ್: ತಾಯಿಯ ದೇಹ ಸುತ್ತುತ್ತಿದ್ದಾನೆ.

ಅಷ್ಟೇ. ಚಕ್ಕೆಯ ಅಂಚು ಬಂತು.

ದೊರೆಗಾದರೆ ಎಪ್ಪತ್ತು ದಿನ
ಉಪ್ಪು, ಎಣ್ಣೆ, ಮಂತ್ರ, ಮತ್ತೆ ಎಣ್ಣೆ.
ವಾಬೆತ್ ಮುದುಕಿಗೆ ನಾಲ್ಕು:
ಎರಡು ಗೈರು, ಎರಡು ತಿಂಗಳ ಲೆಕ್ಕದ ರಜೆ.
ಸಾಯುವುದಕ್ಕೂ ಮಗನ ರಜೆ ನೋಡಿಕೊಂಡಳು,
ಅಂಥ ಹೆಂಗಸು.
ಸವಳುಪ್ಪು ಎರಡು ಬುಟ್ಟಿ.
ಅವಳೇ ನೂತು, ನೇಯ್ದು, ಉಟ್ಟು ಸವೆಸಿದ ಅಗಸೆನಾರಿನ ಬಟ್ಟೆ
ಉದ್ದುದ್ದ ಹರಿದದ್ದು.
ಕಾಲಿನ ಹತ್ತಿರ ಸಾಲದೆ ಬಂದಾಗ
ಮೊಮ್ಮಗುವಿನ ಉಚ್ಚೆಬಟ್ಟೆ, ಒಗೆದು ಒಣಗಿಸಿದ್ದು.

ಪೆಟ್ಟಿಗೆಗೆ ಇಪ್ಪತ್ತು ದೆಬೆನ್ ತಾಮ್ರ.
ತಾಮ್ರವನ್ನು ಕಂಡವರು ಯಾರು?
ಒಂದು ಹಂದಿ, ಎರಡು ಮೇಕೆ,
ನಾಲ್ಕು ಜೊತೆ ಚಪ್ಪಲಿ, ಉಳಿದದ್ದಕ್ಕೆ ಎಣ್ಣೆ.
ಬಡಗಿ ಧೂಳು ಒರೆಸಿ ಕೊಟ್ಟ ಮುಚ್ಚಳದ ಮೇಲೆ
ಆಗಲೇ ಒಂದು ಹೆಸರಿತ್ತು.
ದುಡ್ಡು ತೀರಿಸಲಾಗದೆ ಬಿಟ್ಟವರದೋ,
ಯಾರನ್ನೋ ಹೊರಗೆಳೆದು ತಂದದ್ದೋ,
ಪೆನ್ನುಬ್ ಕೇಳಲಿಲ್ಲ. ಬಡಗಿ ಹೇಳಲಿಲ್ಲ.
ಮನೆಯ ಮಾಡಿನ ಮೇಲೆ ಕೂತು
ರಾತ್ರಿಯೆಲ್ಲ ಕೆರೆದ.
ಬೀದಿಯ ಆ ತುದಿಯಲ್ಲಿ ಮಲಗಿದ್ದ ನನಗೂ ಕೇಳುತ್ತಿತ್ತು,
ಇಲಿ ಕಡಿದ ಹಾಗೆ.

ನಾಲ್ಕನೇ ದಿನ ಅಣ್ಣಂದಿರು ಬಂದರು,
ಮೂವರೂ, ಕೈ ಕಾಲು ತೊಳೆದುಕೊಂಡು.
ಆಸ್ತಿ: ಜವೆ ಅರೆಯುವ ಕಲ್ಲು ಒಂದು,
ಮೂರು ಕಾಲಿನ ಪೀಠ, ಅದರಲ್ಲಿ ಒಂದು ಕಾಲು ಕುಂಟು,
ಕತ್ತೆಯಲ್ಲಿ ಕಾಲು ಪಾಲು.
ಸಾಕ್ಷಿಗೆಂದು ನನ್ನನ್ನು ಕರೆದರು.
ಹೂಳಿದವರಿಗೇ ಆಸ್ತಿ, ಇದು ದೊರೆಯ ಕಾನೂನು.
ಯಾರು ಹೊತ್ತಿರಿ? ಅಂದೆ.
ನೆಲ ನೋಡಿದರು.
ಪೆನ್ನುಬ್ ಕಲ್ಲನ್ನು ಮಾತ್ರ ಎತ್ತಿಕೊಂಡ.
ನಡುವೆ ಅವಳ ಮೊಣಕಾಲಿಗೆದುರಾಗಿ
ದೋಣಿಯಂತೆ ತಗ್ಗಿದ ಕಲ್ಲು.
"ಕತ್ತೆ ನೀವೇ ಇಟ್ಟುಕೊಳ್ಳಿ, ಒದೆಯುತ್ತದೆ."

ಇಪ್ಪತ್ತೊಂದನೇ ದಿನ ಕೆಲಸಕ್ಕೆ ಬಂದ.
ಪದ್ಧತಿಯಂತೆ ಅವನ ಉಳಿ ತೂಗಿದೆ. ಸರಿ.
ದೀಪದ ಬತ್ತಿ ಎಣಿಸಿದೆ. ಸರಿ.
ನೀಲಿಯ ಬಟ್ಟಲು ಬಾಗಿಸಿ ನೋಡಿದೆ.

ಒಳಗೆ, ದೊರೆಯ ಚಾವಣಿಯ ಆಕಾಶದಲ್ಲಿ
ಅಂಗೈಯಗಲ ಸುಣ್ಣ ಬಿಳಿಯಾಗಿಯೇ ಉಳಿದಿದೆ.
ಹೊರಗೆ, ಗುಡ್ಡದ ಓರೆಯಲ್ಲಿ,
ಹಗ್ಗ ಬಿಟ್ಟು ಇಳಿಸುವಾಗ ನಾನೇ ಕಂಡಿದ್ದೆ:
ಪೆಟ್ಟಿಗೆಯ ಪಕ್ಕಕ್ಕೆ ಬಿಡಿಸಿದ ಎರಡು ಕಣ್ಣು,
ಮೂಡಲು ನೋಡಲೆಂದು,
ಮೇಲೆ ಹುಬ್ಬು, ದಪ್ಪ, ನೀಲಿ.
ಜೀವವಿದ್ದಾಗ ಅವಳಿಗೆ ಹುಬ್ಬೇ ಇರಲಿಲ್ಲ,
ಒಲೆಯ ಉರಿ ತಿಂದುಹಾಕಿತ್ತು.

ಇನ್ನೂ ಒಂದನ್ನು ಕಂಡೆ.
ಹಳೆಯ ಹೆಸರನ್ನು ಪೂರ್ತಿ ಕೆರೆದಿರಲಿಲ್ಲ ಅವನು.
ಹೆಂಗಸರ ಹೆಸರಿನ ಕೊನೆಗೆ ನಾವು ಬರೆಯುತ್ತೇವಲ್ಲ,
ಮಂಡಿ ಮಡಚಿ ಕೂತ ಪುಟ್ಟ ಹೆಂಗಸು,
ಅವಳನ್ನು ಹಾಗೇ ಬಿಟ್ಟಿದ್ದ.
ಸೋಮಾರಿತನವೋ ಏನೋ.
ಅವಳ ಮುಂದೆ ವಾಬೆತ್ ಎಂದು ಬರೆದಿದ್ದ,
ಅಕ್ಷರ ಸೊಟ್ಟ.
ಯಾರೋ ಒಬ್ಬಳ ಹೆಸರಿನಿಂದ ಎದ್ದು ಹೋಗದೆ
ಇವಳ ಹೆಸರಿಗೆ ಕೂತುಕೊಂಡಿದ್ದಳು ಅವಳು.

ಕುಂಚವನ್ನು ಕೆಂಪಿಗೆ ಅದ್ದಿದೆ.
ಬಿಸಿಲು. ಮಸಿ ತುದಿಯಲ್ಲೇ ಒಣಗಿತು.
ಕಪ್ಪಿಗೆ ಅದ್ದಿ ಬರೆದೆ:
ನೀಲಿ, ಸರಿಯಾಗಿದೆ.
ಪೆನ್ನುಬ್, ಹಾಜರ್.
ಕಾಸಾ