ಚೀಟಿ ಎತ್ತಿದ ವರ್ಷ

ಶಾರ್ಜಾದ ರೋಲಾದಲ್ಲಿ ಈ ರೂಮು; ನಾವು ಆರು ಜನ,
ಆರು ಮಂಚ, ಒಂದು ಬಚ್ಚಲು, ಒಂದು ಚೀಟಿ.
ವಾರಿಜಾ ಎತ್ತಿದಾಗ ಬಳೆ ಬಂತು,
ಝೊಹರಾ ಎತ್ತಿದಾಗ ಸರ,
ಲೂರ್ದಿನಾ ಎತ್ತಿದ್ದು ತಮ್ಮನ ರಿಕ್ಷಾಕ್ಕೆ ಹೋಯಿತು.
ನನ್ನ ಸರದಿಗೆ ನಾನು
ನಾಲ್ಕು ದಿನ ಕೊಂಡೆ.

"ದಿನವಾ? ಯಾವ ಅಂಗಡಿಯಲ್ಲಿ?" ಅಂದಳು ವಾರಿಜಾ.
ಬುಡಾಪೆಸ್ಟ್, ಅಂದೆ.
ಅದೇನು ಪೇಸ್ಟೋ, ಹಲ್ಲಿಗೋ ಮುಖಕ್ಕೋ ಎಂದು
ಕೆಳಗಿನ ಮಂಚದಿಂದ ಮೇಲಿನ ಮಂಚಕ್ಕೆ ನಗು ಹತ್ತಿತು.

ಮಾಲೀಕನ ಕಾಗದ, ಆರು ತಿಂಗಳ ಬ್ಯಾಂಕಿನ ಲೆಕ್ಕ,
ಆಮೇಲೆ ಬೆರಳಚ್ಚು.
ಹತ್ತು ವರ್ಷ ಕಂಡವರ ಅಬಾಯದ ಅಂಚು ಮಡಚಿ
ಸವೆದ ಬೆರಳು; ಯಂತ್ರಕ್ಕೆ ಗುರುತೇ ಸಿಗಲಿಲ್ಲ.
ಮೂರನೇ ಸಲ ಒತ್ತಿ ಹಿಡಿದಾಗ ಒಪ್ಪಿಕೊಂಡಿತು,
ಇವಳೂ ಒಬ್ಬಳು ಇದ್ದಾಳೆಂದು.

ಅಗ್ಗದ ವಿಮಾನ. ಏಳು ಕಿಲೋದ ಚೀಲ.
ಮೀನಿನಂಗಡಿಯ ತಕ್ಕಡಿಯಲ್ಲಿ ತೂಗಿಸಿ ನೋಡಿದೆ:
ಅವಲಕ್ಕಿ, ಚಟ್ನಿಪುಡಿ, ಒಂದು ಜೊತೆ ಬಟ್ಟೆ.
ಝೊಹರಾಳ ಸ್ವೆಟರು ತೂಕಕ್ಕೆ ಸಿಗದಂತೆ ಮೈಮೇಲೆ.
ಸೂಜಿದಾರಕ್ಕೆ ಹೇಗೂ ತೂಕವಿಲ್ಲ.

ಅಲ್ಲಿ ಒಂದು ಬ್ರೆಡ್ಡಿಗೆ ಸಾವಿರ ಕೊಟ್ಟು ಎದೆ ಹಿಡಿದುಕೊಂಡೆ,
ನೂರರಿಂದ ಭಾಗಿಸಿದ ಮೇಲೆ ಉಸಿರು ಬಂತು.
ಒಂದೇ ದಿನದ ಟಿಕೆಟ್ಟಿನಲ್ಲಿ
ಎರಡನೇ ನಂಬರಿನ ಟ್ರ್ಯಾಮು ಹತ್ತಿ
ನದಿಯುದ್ದಕ್ಕೂ ಹನ್ನೊಂದು ಸಲ ಹೋದೆ, ಬಂದೆ.
ಪಾರ್ಲಿಮೆಂಟು ನಮ್ಮಂಗಡಿಯ ಪಿನ್ನಿನ ಮೆತ್ತೆಯ ಹಾಗೆ
ಮೈತುಂಬ ಸೂಜಿ ಚುಚ್ಚಿಸಿಕೊಂಡು ಕೂತಿತ್ತು.
ಒಳಗೆ ಹೋದರೆ ದುಡ್ಡು; ಹೊರಗೆ ನಿಂತರೆ ಇಲ್ಲ.
ಸೇತುವೆಯ ಸಿಂಹಗಳಿಗೆ ನಾಲಿಗೆಯಿಲ್ಲವಂತೆ.
ಆ ನಾಲ್ಕು ದಿನ ಕನ್ನಡದಲ್ಲಿ ಮಾತಾಡಿದ್ದು
ಅವುಗಳ ಹತ್ತಿರ ಮಾತ್ರ.

ಕೊನೆಯ ದಿನ ಸ್ನಾನದ ಮನೆ.
ಹಳದಿ ಗೋಡೆಯಾಚೆ ಬಿಸಿನೀರಿನ ಕೊಳಗಳು,
ಭೂಮಿಯೇ ಒಲೆ ಹೊತ್ತಿಸಿ ಹಂಡೆಯಿಟ್ಟ ಹಾಗೆ.
ಹನ್ನೆರಡು ಸಾವಿರ, ಅಂದರು.
ಭಾಗಿಸಿದೆ. ಮತ್ತೆ ಭಾಗಿಸಿದೆ.
ಹೇಗೆ ಭಾಗಿಸಿದರೂ
ಒಂದು ವಾರದ ಮಂಚದ ಬಾಡಿಗೆಯೇ ಬಂತು.
ಮಾರ್ಚಿಯ ಚಳಿ. ಎದುರಿನ ಬೆಂಚಿನಲ್ಲಿ ಕೂತು
ಗೋಡೆ ದಾಟಿ ಬರುವ ಹಬೆ ನೋಡುತ್ತ
ಅವಲಕ್ಕಿ ತಿಂದೆ.
ಹಬೆಗೆ ಟಿಕೆಟ್ಟಿರಲಿಲ್ಲ.

ಒದ್ದೆ ಕೂದಲಿನ ಮುದುಕಿಯೊಬ್ಬಳು ಬಂದು ಪಕ್ಕ ಕೂತಳು.
ಕೋಟಿನ ಎರಡನೇ ಗುಂಡಿ
ಒಂದೇ ಎಳೆಯಲ್ಲಿ ನೇತಾಡುತ್ತಿತ್ತು.
ನೋಡಿಯೂ ಸುಮ್ಮನಿರುವುದು ಈ ಕೈಗೆ ಗೊತ್ತಿಲ್ಲ.
ಸೂಜಿ ತೆಗೆದೆ. ಬೆಚ್ಚಿದಳು,
ಆಮೇಲೆ ಶಾಲೆಗೆ ಹೊರಟ ಮಗುವಿನಂತೆ
ಎದೆ ಮುಂದೆ ಮಾಡಿ ಕೂತಳು.
ಅಬಾಯದ ಕಪ್ಪು ದಾರ, ಕಂದು ಕೋಟು; ಹೊಂದಲಿಲ್ಲ.
ಗಂಟು ಹಾಕಿ ಹಲ್ಲಿನಿಂದ ಕಡಿದಾಗ
ಅವಳ ಅಂಗೈ ನನ್ನ ಕೆನ್ನೆಗೆ ಬಂತು,
ಕೊಳದಿಂದ ಈಗಷ್ಟೇ ಎದ್ದ ಅಂಗೈ.
ಅವಳೇನೋ ಅಂದಳು. ನಾನೂ ಏನೋ ಅಂದೆ.

ಸ್ವೆಟರು ವಾಪಸ್ಸು ಕೊಟ್ಟಾಗ ಝೊಹರಾ ಮೂಸಿ ನೋಡಿದಳು:
"ಅಷ್ಟು ದೂರ ಹೋಗಿ ಚಟ್ನಿಪುಡಿಯ ವಾಸನೆಯಾ!"
ಆದರೂ ಒಗೆಯದೆ
ತಲೆದಿಂಬಿನ ಕೆಳಗೆ ಇಟ್ಟುಕೊಂಡಳು.

ಈಗ ಆಗಸ್ಟು.
ತಾರಸಿಯ ಟ್ಯಾಂಕು ಬೆಳಗಿನಿಂದ ಕುದಿಯುತ್ತಿದೆ.
ಯಾವ ನಲ್ಲಿ ತಿರುಗಿಸಿದರೂ ಬಿಸಿ.
ಎಲ್ಲರೂ ರಾತ್ರಿಯೇ ಬಕೆಟ್ಟು ತುಂಬಿ ಆರಲಿಡುತ್ತಾರೆ.
ನಾನು ಮಾತ್ರ ಶುಕ್ರವಾರ ಮಧ್ಯಾಹ್ನ
ಚಿಲಕ ಹಾಕಿ, ದೀಪ ಆರಿಸಿ,
ನಲ್ಲಿಯಿಂದ ನೇರ ಚೊಂಬಿಗೆ, ಚೊಂಬಿನಿಂದ ತಲೆಗೆ.
ಕೆನ್ನೆ ಮೊದಲು ಕೆಂಪಾಗುತ್ತದೆ.

ಬಳೆಯ ಕೈಯಲ್ಲೇ ಬಾಗಿಲು ಬಡಿಯುತ್ತಾಳೆ ವಾರಿಜಾ:
"ಸಾಕು ಮಾರಾಯ್ತಿ ನಿನ್ನ ಪೇಸ್ಟು,
ಇಲ್ಲಿ ಐದು ಜನ ಕಾಯ್ತಾ ಇದ್ದೇವೆ!"

ಬಂದೆ, ಅನ್ನುತ್ತೇನೆ.
ಇನ್ನೊಂದೇ ಚೊಂಬು.