ಕತ್ತಲೆಯ ತಾಲೀಮು

ನವೆಂಬರ್. ಹಿಯುಮಾ ದ್ವೀಪದ ಉತ್ತರದ ಅಂಚು.
ಷೆಡ್ಡಿನ ಬಾಗಿಲ ಸಂದಿಗೆ ಹಳೆಯ ಕಂಬಳಿ ತುರುಕಿ
ನನ್ನ ತಮ್ಮ ಇಂಡ್ರೆಕ್ ದಾರ ಕಟ್ಟುತ್ತಿದ್ದಾನೆ:
ಒಲೆಯ ಕಾಲಿನಿಂದ ಮುರುಕು ಬೆಂಚಿಗೆ,
ಬೆಂಚಿನಿಂದ ಟ್ರ್ಯಾಕ್ಟರಿನ ಅಡಿಗೆ,
ಅಲ್ಲಿಂದ ಅಮ್ಮನ ಹೊಲಿಗೆ ಯಂತ್ರ ಸುತ್ತಿ
ಮತ್ತೆ ಎಲ್ಲಿಗೋ. ಎಲ್ಲಿಗೆಂದು ಹೇಳುವುದಿಲ್ಲ.
ನಾನು ಕೇಳುವುದೂ ಇಲ್ಲ.
ಎರಡು ವರ್ಷದಿಂದ ನಾವಿಬ್ಬರೂ ಮಾತನ್ನು
ಚಿಟಿಕೆಯಲ್ಲಿ ಅಳೆದೇ ಬಳಸುವವರು.

ಮುಖವಾಡದ ಗಾಜಿಗೆ ಒಳಗಿಂದ ಕಪ್ಪು ಟೇಪು.
ಕೈಗೆ ಮೂರೇ ಬೆರಳಿನ ದಪ್ಪ ಗವಸು,
ಅದರೊಳಗೆ ಅತ್ತೆ ಹೆಣೆದ ಉಣ್ಣೆಯದು ಇನ್ನೊಂದು.
ಬೆನ್ನಿಗೆ ಜೋಡಿ ಸಿಲಿಂಡರು;
ನೀರಿಗಿಳಿಯುವ ತನಕ ಅವು ಬರೀ ಹೊರೆ.
ಬಲಗಡೆಯ ವಾಲ್ವು ಎಲ್ಲಿ? ಕಿವಿಯ ಹಿಂದೆ.
ತಿರುಗಿಸು. ಯಾವ ಕಡೆಗೆ? ಮರೆತೆ.
ಮೂವತ್ತು ಸಲ ಮುಚ್ಚಿ ಮೂವತ್ತು ಸಲ ತೆರೆದಾಗ
ಭುಜ ಉರಿಯುತ್ತದೆ, ಬೆರಳಿಗೆ ಬುದ್ಧಿ ಬರುತ್ತದೆ.
"ತಲೆಗೆ ಗೊತ್ತಿದ್ದರೆ ಸಾಲದು,"
ಮೂಲೆಯಲ್ಲಿ ಆಲೂಗಡ್ಡೆ ಸುಲಿಯುತ್ತ ದೋಣಿಯ ಕಾಲ್ಯು ಅನ್ನುತ್ತಾನೆ,
"ಕೆಳಗೆ ಮೊದಲು ಹೆಪ್ಪುಗಟ್ಟುವುದೇ ತಲೆ."

ಕೆಳಗೆ, ಮೂವತ್ತೊಂದು ಮೀಟರಿನಲ್ಲಿ, 'ಎಮೀಲಿಯೆ'.
ಮರ ಹೊತ್ತು ಹೊರಟ ಮರದ ಹಡಗು.
ಈ ಸಪ್ಪೆ ಕಡಲಿನಲ್ಲಿ ಮರ ಕೊರೆಯುವ ಹುಳುವಿಲ್ಲ,
ಹಾಗಾಗಿ ಮೆಟ್ಟಿಲು ಮೆಟ್ಟಿಲಾಗಿಯೇ ಇದೆ,
ಬಾಗಿಲು ಬಾಗಿಲಾಗಿಯೇ.
ನೋಡಲು ಮಾತ್ರ ಆಗುವುದಿಲ್ಲ.
ಚಾಚಿದ ಕೈ ತುದಿಯವರೆಗೆ ಕಂಡರೆ ಅದು ಒಳ್ಳೆಯ ದಿನ.
ಒಮ್ಮೆ ಕಾಲು ಜಾಡಿಸಿದರೆ ನೂರು ವರ್ಷದ ಕೆಸರು ಏಳುತ್ತದೆ;
ದೀಪ ಹೆಚ್ಚಿಸಿದಷ್ಟೂ ಕುರುಡು,
ಬೆಳಕು ಕೆಸರಿಗೆ ಬಡಿದು ಕಣ್ಣಿಗೇ ವಾಪಸು.

ಜೀವ ಕೈಯಲ್ಲಿ ಹಿಡಿದು ಎನ್ನುತ್ತಾರಲ್ಲ,
ಇಗೋ ಅದು: ಎರಡು ಮಿಲಿಮೀಟರಿನ ಬಿಳಿ ದಾರ.
ಉಸಿರು ಬಿಗಿಹಿಡಿದು ಎನ್ನುತ್ತಾರೆ,
ಅದೊಂದು ಮಾತ್ರ ಕೂಡದು.

ದಾರಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳು.
ನನ್ನವಕ್ಕೆಲ್ಲ ಒಂದು ಕಿವಿ ಮುರಿದಿದ್ದೇನೆ, ಅವನವು ಇಡಿಯಾದವು.
ಕವಲು ಬಂದಲ್ಲಿ ಹೊರದಾರಿಯ ಬದಿಗೆ ಕಚ್ಚಿಸಬೇಕು.
ನಾನು ಮುಂದೆ. ಅವನ ಕೈ ನನ್ನ ಮೊಣಕೈ ಮೇಲೆ.
ಹಿಂಡಿದರೆ ನಿಲ್ಲು.
ತಳ್ಳಿದರೆ ನಡೆ.
ಎಳೆದರೆ ಹಿಂದಕ್ಕೆ.
ಇಷ್ಟೇ ವ್ಯಾಕರಣ.
ಅಪ್ಪನ ದೋಣಿ ಮಾರಿದ್ದು ಯಾಕೆ ಎಂಬುದಕ್ಕೆ ಇದರಲ್ಲಿ ಪದವಿಲ್ಲ.
ಆ ಕಾಗದದ ಮೇಲೆ ನನ್ನ ಸಹಿ ಗೀಚಿದ್ದು ಯಾರೆಂಬುದಕ್ಕೂ ಇಲ್ಲ.

ಮಂಡಿಯೂರಿ ಹೊರಟೆವು.
ಬೆಂಚು. ಎಣ್ಣೆಯ ವಾಸನೆ. ಚಕ್ರ.
ಆಮೇಲೆ ತಣ್ಣನೆಯ ಕಬ್ಬಿಣದ ಪೆಡಲು,
ಗವಸಿನೊಳಗಿಂದಲೇ ಕೈ ಅದರ ಗುರುತು ಹಿಡಿಯಿತು,
ಒತ್ತಿಯೂ ನೋಡಿತು.
ಅಷ್ಟರಲ್ಲಿ ದಾರ ಸಡಿಲ.
ಕಾಲ್ಯು ಕತ್ತರಿಸಿದ್ದಾನೆ, ಮುದುಕ, ಹೇಳದೆ ಕೇಳದೆ,
ಆಲೂಗಡ್ಡೆಯ ಅದೇ ಚಾಕುವಿನಿಂದ.

ಇಂಡ್ರೆಕ್ ಹಿಂಡಿದ. ನಿಂತೆ.
ಅವನ ಉಸಿರು ಕೇಳುತ್ತಿತ್ತು, ನನ್ನದಕ್ಕಿಂತ ಜೋರು.
ತಳ್ಳಲಿಲ್ಲ. ಎಳೆಯಲಿಲ್ಲ.
ಮತ್ತೊಮ್ಮೆ ಹಿಂಡಿದ.
ಎರಡು ಸಲಕ್ಕೆ ಅರ್ಥವಿಲ್ಲ,
ನಾವು ಗೊತ್ತುಮಾಡಿಕೊಂಡಿಲ್ಲ.
ನಾನು ಅಲ್ಲೇ ಇದ್ದೆ, ನೆಲ ತಡವುತ್ತ,
ತುಂಡಾದ ತುದಿ ಸಿಗುವವರೆಗೆ.

ನಾಳೆ ಹೊರಗೆ ಸೊನ್ನೆಗಿಂತ ಆರು ಕೆಳಗೆ, ನೀರು ನಾಲ್ಕು.
ಉಡುಪಿನ ಜಿಪ್ಪಿಗೆ ಜೇನುಮೇಣ ತಿಕ್ಕಿದೆ.
ಮೂರು ದೀಪ, ಎರಡು ಚಾಕು, ಫ್ಲಾಸ್ಕಿನಲ್ಲಿ ಬಿಸಿನೀರು.
ದೋಣಿಯ ಮೇಲೆ ರೆಗ್ಯುಲೇಟರಿನಿಂದ ಒಂದು ಉಸಿರೂ ಎಳೆಯಬಾರದು,
ಬಾಯ ಹಬೆಯೇ ಒಳಗೆ ಮಂಜುಗಡ್ಡೆಯಾಗಿ ಕೂರುತ್ತದೆ;
ಮುಳುಗಿದ ಮೇಲೆಯೇ ಮೊದಲ ಉಸಿರು.

ದಾರ ಸುತ್ತುವ ಕೆಲಸ ನನ್ನದು.
ಕತ್ತರಿಸಿದಲ್ಲಿ ಗಂಟು ಹಾಕಲಿಲ್ಲ:
ಗಂಟಿದ್ದರೆ ಬೆರಳು ಅದನ್ನೇ ಗುರುತೆಂದು ನಂಬಿಬಿಡುತ್ತದೆ.
"ಹೊಸ ದಾರ ತಂದಿದ್ದೀಯಾ?" ಎಂದೆ.
"ತಂದಿದ್ದೀನಿ," ಎಂದ.
ಸ್ವಲ್ಪ ಹೊತ್ತು ಬಿಟ್ಟು,
"ಉದ್ದದ್ದು."